ಪಂದಿ ಕರಿಗೆ ಫ್ರೆಂಚ್ ವೈನ್ ಯಾಕೆ ಬೇಡ?

ಕೊಡವ ಮದುವೆ ಊಟದ ಜೊತೆ ವೈನ್ ಕೊಡೋಣ ಅಂದಕೂಡಲೇ ಹಲವರ ತಲೆಗೆ ಬರೋದು ಫ್ರೆಂಚ್ ಲೇಬಲ್ಲಿನ ಕೆಂಪು ಬಾಟಲಿ. ನೆಂಟರ ಮುಂದೆ ಗತ್ತಿಗೇನೋ ಸರಿ. ತಟ್ಟೆಯಲ್ಲಿರುವ ಪಂದಿ ಕರಿಗೆ ಅದು ಒಗ್ಗೋದು ಕಷ್ಟ.

ಕೆಂಪು ವೈನ್ ಕುಡಿದಾಗ ಬಾಯಿ ಒಣಗಿಸುವ ಒಗರು ಇದೆಯಲ್ಲ, ಅದು ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತೆ, ಓಕ್ ಪೀಪಾಯಿಯಿಂದಲೂ ಬರುತ್ತೆ. ಖಾರದ ಜೊತೆ ಸೇರಿದರೆ ಒಗರು ಇನ್ನೂ ಕಟುವಾಗುತ್ತೆ, ಆಲ್ಕೋಹಾಲ್ ಉರಿಯನ್ನು ಹೆಚ್ಚಿಸುತ್ತೆ. ಪಂದಿ ಕರಿಯಲ್ಲಿ ಕಾಳುಮೆಣಸು, ಹುರಿದ ಮಸಾಲೆ, ಕೊಬ್ಬು ಎಲ್ಲ ಇವೆ, ಮೇಲಿಂದ ಕಾಚಂಪುಳಿ. ಆ ಹುಳಿಯ ಮುಂದೆ ಹುಳಿಯಿಲ್ಲದ ವೈನ್ ಬರೀ ಸಪ್ಪೆ.

ಹಾಗಾಗಿ ಹುಳಿ ಚೆನ್ನಾಗಿರುವ, ಒಗರು ಕಡಿಮೆಯಿರುವ, ತುಸು ಸಿಹಿ ಉಳಿದಿರುವ ವೈನ್ ನೋಡಿ. ಶೆನಿನ್ ಬ್ಲಾಂಕ್ ದ್ರಾಕ್ಷಿಯ ಬಿಳಿ ವೈನ್ ಅಥವಾ ರೋಸೆ ಸಾಕು, ಎರಡೂ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಕೆಂಪೇ ಬೇಕೆಂದು ಮನೆಯ ಹಿರಿಯರು ಹಟ ಹಿಡಿದರೆ, ಓಕ್‌ನಲ್ಲಿ ಇಡದ ಹಗುರ ಕೆಂಪು ತಂದು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 'ರೂಮ್ ಟೆಂಪರೇಚರ್' ಅಂತ ಪುಸ್ತಕಗಳು ಹೇಳೋದು ಯೂರೋಪಿನ ರೂಮಿನ ಲೆಕ್ಕ, ಮೇ ತಿಂಗಳ ನಮ್ಮ ಕಲ್ಯಾಣಮಂಟಪದ್ದಲ್ಲ.

ಇನ್ನು ದುಡ್ಡು. ಆಮದು ಬಾಟಲಿಯ ಬೆಲೆಯನ್ನೇ ಗುಣಮಟ್ಟ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರ ವಿದೇಶಿ ವೈನ್ ಮೇಲೆ ವರ್ಷಗಟ್ಟಲೆ 150% ಸುಂಕ ಹಾಕುತ್ತಾ ಬಂತು. 2021ರ ಬಜೆಟ್‌ನಲ್ಲಿ ಅದನ್ನು 50% ಸುಂಕ, 100% ಕೃಷಿ ಸೆಸ್ ಅಂತ ಒಡೆದರು, ಒಟ್ಟು ಮಾತ್ರ ಅಷ್ಟೇ ಉಳಿಯಿತು. (ಸೆಸ್ ಹಣದಲ್ಲಿ ರಾಜ್ಯಗಳಿಗೆ ಪಾಲಿಲ್ಲ, ಆ ಜಗಳ ಇನ್ನೊಂದು ದಿನಕ್ಕೆ.) ಆಸ್ಟ್ರೇಲಿಯಾದ ವೈನಿಗೆ 2022ರ ಡಿಸೆಂಬರ್‌ನಿಂದ ಒಪ್ಪಂದದಡಿ ಒಂದಿಷ್ಟು ರಿಯಾಯಿತಿ ಸಿಕ್ಕಿತು. 150%ರ ಲೆಕ್ಕದಲ್ಲಿ 400 ರೂಪಾಯಿಯ ಸಾಧಾರಣ ವೈನ್ ಬಂದರು ದಾಟುವಾಗಲೇ 1,000 ರೂಪಾಯಿ. ರಾಜ್ಯದ ಅಬಕಾರಿ ತೆರಿಗೆ, ಅಂಗಡಿಯವರ ಲಾಭ ಅದರ ಮೇಲೆ. ನೀವು ನೆಂಟರಿಗೆ ಕುಡಿಸ್ತಿರೋದು ಹೆಚ್ಚಿನಂಶ ತೆರಿಗೆ.

750 ಎಂಎಲ್ ಬಾಟಲಿಗೆ 5 ಗ್ಲಾಸು. 300 ಜನರಲ್ಲಿ 100 ಜನ ತಲಾ ಎರಡು ಗ್ಲಾಸ್ ತಗೊಂಡರೆ 40 ಬಾಟಲಿ. ಬಾಟಲಿಗೆ 1,000 ರೂಪಾಯಿ ಉಳಿದರೂ 40,000 ಆಯ್ತು. ಸಾಲ ಮಾಡಿ ಮದುವೆ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಕರ್ನಾಟಕ 2007ರಲ್ಲೇ ವೈನ್ ನೀತಿ ತಂದಿದ್ದು ದ್ರಾಕ್ಷಿ ಬೆಳೆಗಾರರ ಹೆಸರಿನಲ್ಲಿ. ನಂದಿ ಬೆಟ್ಟದ ತಪ್ಪಲಿನ ಬಾಟಲಿ ಕೊಂಡರೆ ಒಂದಿಷ್ಟಾದರೂ ದುಡ್ಡು ಆ ಕಡೆ ಹೋಗುತ್ತೆ.

ಒಂದು ಮಾತು: ಮಂಟಪದಲ್ಲಿ ವೈನ್ ಕೊಡೋದಕ್ಕೂ ಅಬಕಾರಿ ಇಲಾಖೆಯ ತಾತ್ಕಾಲಿಕ ಸಿಎಲ್-5 ಲೈಸೆನ್ಸ್ ಬೇಕು. ಬಾಟಲಿಗೆ ಆರ್ಡರ್ ಕೊಡುವ ಮೊದಲೇ ಅದಕ್ಕೆ ಅರ್ಜಿ ಹಾಕಿ.