ಇಸ್ಪೀಟು: ಜಾಣ್ಮೆಯ ಆಟವೋ, ಅದೃಷ್ಟದ ಆಟವೋ?

ಯುಗಾದಿ ಬಂತು ಅಂದರೆ ನಮ್ಮ ಎಷ್ಟೋ ಊರುಗಳಲ್ಲಿ ಇಸ್ಪೀಟಿನ ಎಲೆ ಹೊರಗೆ ಬರುತ್ತದೆ. ಅರಳಿಕಟ್ಟೆ ಮೇಲೆ, ತೋಟದ ಮನೆಯಲ್ಲಿ, ಕೆರೆ ಏರಿಯ ಹಿಂದೆ ಗುಂಪು ಕೂತಿರುತ್ತದೆ. "ಹಬ್ಬದ ಆಟ, ಬಿಡಿ" ಅನ್ನುತ್ತಾರೆ. ಪೊಲೀಸರು ಬಂದರೆ ಮಾತ್ರ ಬಿದ್ದಂಬೀಳ ಓಡುತ್ತಾರೆ. ಪೇಟೆಯ ಕ್ಲಬ್ಬಿನಲ್ಲಿ ಇಸ್ಪೀಟು ಆಡುವವರು ಹಾಗೆ ಓಡುವುದಿಲ್ಲ. ಅದೇ ಎಲೆ, ಅದೇ ದುಡ್ಡು. ಒಂದು ಕಡೆ ಅಪರಾಧ, ಇನ್ನೊಂದು ಕಡೆ ಅಲ್ಲ. ಇದು ಹೇಗೆ?

ಉಳ್ಳವರಿಗೆ ಒಂದು, ಇಲ್ಲದವರಿಗೆ ಒಂದು ಅಂತ ನಿಮಗೆ ಅನ್ನಿಸಬಹುದು. ಆ ಮಾತಿನಲ್ಲಿ ನಿಜ ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ. ಈ ಆಟದಲ್ಲಿ ಗೆಲ್ಲಿಸುವುದು ಯಾವುದು? ಆಡುವವರ ಜಾಣ್ಮೆಯೋ, ಬರೀ ಅದೃಷ್ಟವೋ?

ನಮ್ಮ ಮನೆಯ ಆಟಗಳನ್ನೇ ನೋಡೋಣ. ಅಳಗುಳಿಮಣೆ ಆಡುತ್ತೀರಲ್ಲ? ಯಾವ ಗುಳಿಯಿಂದ ಹುಣಸೆ ಬೀಜ ಎತ್ತಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಲೆಕ್ಕ ಹಾಕಬೇಕು. ಲೆಕ್ಕ ಬಲ್ಲವರು ಗೆಲ್ಲುತ್ತಾರೆ. ಅದು ಜಾಣ್ಮೆಯ ಆಟ. ಚೌಕಾಬಾರ ಹಾಗಲ್ಲ. ಕವಡೆ ಹೇಗೆ ಬೀಳುತ್ತದೋ ಯಾರ ಕೈಯಲ್ಲೂ ಇಲ್ಲ. ಆದರೆ ಯಾವ ಕಾಯಿ ನಡೆಸಬೇಕು, ಯಾವ ಕಾಯಿ ಹೊಡೆಯಬೇಕು ಅನ್ನುವುದು ನಮ್ಮ ತಲೆಗೆ ಬಿಟ್ಟಿದ್ದು. ಅದರಲ್ಲಿ ಎರಡೂ ಬೆರೆತಿದೆ.

ಈಗ ಅಂದರ್ ಬಾಹರ್ ನೋಡಿ. ಒಂದು ಎಲೆ ಮುಂದೆ ಇಡುತ್ತಾರೆ. ಆಮೇಲೆ ಒಂದು ಒಳಗೆ, ಒಂದು ಹೊರಗೆ ಅಂತ ಎಲೆ ಹಾಕುತ್ತಾ ಹೋಗುತ್ತಾರೆ. ಮೊದಲು ಇಟ್ಟ ಎಲೆಯ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆಯವರಿಗೆ ದುಡ್ಡು. ಇದರಲ್ಲಿ ಆಡುವವನು ಮಾಡುವುದೇನು? ಏನೂ ಇಲ್ಲ. ದುಡ್ಡು ಇಡುತ್ತಾನೆ, ಕಾಯುತ್ತಾನೆ, ಅಷ್ಟೆ. ಮಟ್ಕಾ ಕೂಡ ಹೀಗೆಯೇ. ಕನಸಿನಲ್ಲಿ ನಂಬರ್ ಬಂತು, ಹಲ್ಲಿ ಲೊಚಗುಟ್ಟಿತು ಅಂತ ಲೆಕ್ಕ ಹಾಕುವುದು ಜಾಣ್ಮೆ ಅಲ್ಲ. ಇವು ಜೂಜು. ಲಾಟರಿಯೂ ಅದೇ ಜಾತಿಯದು. 2007ರಲ್ಲಿ ನಮ್ಮ ರಾಜ್ಯದಲ್ಲಿ ಲಾಟರಿ ನಿಂತಿತು.

ರಮ್ಮಿಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಪೊಲೀಸರು ಕೇಸು ಹಾಕಿದ್ದರು. 1967ರಲ್ಲಿ ತೀರ್ಪು ಬಂತು. ರಮ್ಮಿಯಲ್ಲಿ ಯಾವ ಎಲೆ ಬಿತ್ತು ಅಂತ ನೆನಪಿಡಬೇಕು. ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಸಾಕಬೇಕು ಅಂತ ಯೋಚಿಸಬೇಕು. ಆದ್ದರಿಂದ ಅದರಲ್ಲಿ ಜಾಣ್ಮೆಯದೇ ಮೇಲುಗೈ ಎಂದು ಕೋರ್ಟು ಹೇಳಿತು. ಮೂರೆಲೆ ಆಟ ಹಾಗಲ್ಲ, ಅದು ಬರೀ ಅದೃಷ್ಟ ಎಂದೂ ಹೇಳಿತು. ಇನ್ನೂ ಒಂದು ಮಾತು ಆ ತೀರ್ಪಿನಲ್ಲಿದೆ. ಕ್ಲಬ್ಬಿನವರು ಬಾಜಿಯ ಆಟದಿಂದ ಲಾಭ ಮಾಡಿಕೊಳ್ಳುತ್ತಿದ್ದರೆ, ರಮ್ಮಿ ಆದರೂ ಅಪರಾಧ ಆಗಬಹುದು. ಈ ಮಾತನ್ನು ಆಡುವವರು ಯಾರೂ ನಿಮಗೆ ಹೇಳುವುದಿಲ್ಲ!

ನಮ್ಮ ರಾಜ್ಯದಲ್ಲಿ ಇದಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಜೂಜಿನ ಅಡ್ಡೆ ನಡೆಸುವುದು ತಪ್ಪು. ಅಲ್ಲಿ ಕೂತು ಆಡುವುದೂ ತಪ್ಪು. ಆದರೆ ಅದೇ ಕಾಯ್ದೆಯ 176ನೇ ಕಲಮು, ಜಾಣ್ಮೆಯ ಆಟಕ್ಕೆ ಈ ತಡೆ ಇಲ್ಲ ಅನ್ನುತ್ತದೆ. ಆಡುವವರು ತಾವೇ ಬಾಜಿ ಕಟ್ಟಿಕೊಂಡರೂ ತಡೆ ಇಲ್ಲ. ಪಕ್ಕದಲ್ಲಿ ನಿಂತು ನೋಡುವವರ ಬಾಜಿಗೆ ಈ ರಕ್ಷಣೆ ಇಲ್ಲ.

ಹಾಗಾದರೆ ಪೋಕರ್? ಈ ಹೆಸರು ಈಗ ಹಳ್ಳಿಗೂ ಬಂದಿದೆ. ಅದೂ ಇಸ್ಪೀಟಿನ ಆಟವೇ. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಐದು ಎಲೆ ತೆರೆದು ಇಡುತ್ತಾರೆ, ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದೊಂದು. ಎಲ್ಲ ಸೇರಿಸಿ ಒಳ್ಳೆಯ ಐದು ಎಲೆ ಯಾರಿಗೆ ಕೂಡಿತೋ ಅವರು ಗೆದ್ದರು. ನಡುನಡುವೆ ಬಾಜಿ ಏರಿಸಬಹುದು. ಬೇಡವೆಂದರೆ ಎಲೆ ಮಡಚಿ ಎದ್ದುಬಿಡಬಹುದು. ಎಲೆ ಚೆನ್ನಾಗಿಲ್ಲದಿದ್ದರೂ ಧೈರ್ಯದಿಂದ ಬಾಜಿ ಏರಿಸಿ, ಎದುರಿನವರನ್ನು ಹೆದರಿಸಿ ಓಡಿಸಬಹುದು.

ಇದು ಜಾಣ್ಮೆಯೋ ಅದೃಷ್ಟವೋ? ಕೋರ್ಟುಗಳಿಗೇ ಒಮ್ಮತ ಇಲ್ಲ ನೋಡಿ. ಜಾಣ್ಮೆಯ ಆಟವಾಗಿ ಆಡುವುದಾದರೆ ಪೋಕರಿಗೆ ಲೈಸೆನ್ಸ್ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಗುಜರಾತ್ ಹೈಕೋರ್ಟು 2017ರಲ್ಲಿ, ಇಲ್ಲ, ಇದು ಅದೃಷ್ಟದ ಆಟ, ಜೂಜು ಎಂದಿತು. ಅಲಹಾಬಾದ್ ಹೈಕೋರ್ಟು 2024ರಲ್ಲಿ ಮತ್ತೆ ಜಾಣ್ಮೆ ಎಂದಿತು. ಪಶ್ಚಿಮ ಬಂಗಾಳದ ಜೂಜಿನ ಕಾಯ್ದೆಯಂತೂ 1957ರಿಂದಲೇ ಪೋಕರನ್ನು ಹೊರಗಿಟ್ಟಿದೆ. ಒಂದೇ ದೇಶ, ಒಂದೇ ಆಟ.

ನಮಗೆ ತಿಳಿದಂತೆ ಎರಡು ಕಡೆಯವರ ಮಾತಿನಲ್ಲೂ ಹುರುಳಿದೆ. ಒಂದು ಆಟದಲ್ಲಿ ದಡ್ಡನಿಗೂ ಒಳ್ಳೆಯ ಎಲೆ ಬರಬಹುದು. ನೂರು ಆಟ ಆಡಿದರೆ ಬಲ್ಲವನೇ ಮುಂದೆ ಇರುತ್ತಾನೆ. ಆದರೆ ಅಕ್ಕ, ಇದನ್ನು ಇನ್ನೊಂದು ಕಡೆಯಿಂದ ನೋಡಿ. ಬಲ್ಲವನು ಗೆಲ್ಲುವುದು ಬಲ್ಲದವನ ದುಡ್ಡು. ಅಲ್ಲಿ ಕೂತ ಪ್ರತಿಯೊಬ್ಬನೂ ತಾನೇ ಬಲ್ಲವನು ಅಂದುಕೊಂಡಿರುತ್ತಾನೆ.

ಆಮೇಲೆ ಮೊಬೈಲು ಬಂತು. ಅಡ್ಡೆಗೆ ಹೋಗಬೇಕಿಲ್ಲ, ಕಂಬಳಿ ಹೊದ್ದು ಮಲಗಿದಲ್ಲೇ ಆಡಬಹುದು. ದುಡ್ಡು ಬ್ಯಾಂಕಿನಿಂದ ನೇರ ಹೋಗುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ತಿಳಿಯುವುದಿಲ್ಲ. ನಮ್ಮ ರಾಜ್ಯ 2021ರಲ್ಲಿ ಇಂಥ ಆಟ ನಿಲ್ಲಿಸಲು ಕಾನೂನು ಮಾಡಿತು. ಜಾಣ್ಮೆಯ ಆಟವನ್ನು ಹೀಗೆ ತಡೆಯುವಂತಿಲ್ಲ ಎಂದು ಹೈಕೋರ್ಟು 2022ರ ಫೆಬ್ರವರಿಯಲ್ಲಿ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದು ಕಾನೂನು ಮಾಡಿತು. ಅದು ಹಳೆಯ ಪ್ರಶ್ನೆಯನ್ನೇ ಪಕ್ಕಕ್ಕೆ ಇಟ್ಟಿತು. ಜಾಣ್ಮೆ ಇರಲಿ, ಅದೃಷ್ಟ ಇರಲಿ, ಮೊಬೈಲಿನಲ್ಲಿ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ನಡೆಸುವುದೇ ತಪ್ಪು ಎಂದಿತು. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಆ ಕಾನೂನಿನಲ್ಲಿ ಶಿಕ್ಷೆ ಇಲ್ಲ. ಆದ್ದರಿಂದ ಮನೆಯಲ್ಲಿ ಮಗನೋ ಗಂಡನೋ ದುಡ್ಡು ಕಳೆದುಕೊಂಡಿದ್ದರೆ, ಜೈಲಿಗೆ ಹಾಕುತ್ತಾರೆಂದು ಹೆದರಿ ಮುಚ್ಚಿಡಬೇಡಿ. ಮೋಸ ಆಗಿದ್ದರೆ 1930ಕ್ಕೆ ಫೋನು ಮಾಡಿ. ಕಂಪನಿಗಳು ಈ ಕಾನೂನನ್ನೂ ಕೋರ್ಟಿನಲ್ಲಿ ಪ್ರಶ್ನಿಸಿದವು. ಇನ್ನು ಕಟ್ಟೆಯ ಮೇಲೆ, ಕ್ಲಬ್ಬಿನಲ್ಲಿ ಎದುರುಬದುರು ಕೂತು ಆಡುವ ಆಟಕ್ಕೆ ಹಳೆಯ ಪ್ರಶ್ನೆಯೇ ಉಳಿದಿದೆ.

ನಮಗೆ ಇದೆಲ್ಲ ಯಾಕೆ ಬೇಕು? ನಾವು ಎಲೆ ಮುಟ್ಟದಿದ್ದರೂ ಸೋಲು ಮನೆಗೆ ಬರುತ್ತದೆ. ರೇಷನ್ ದುಡ್ಡು, ಸಂಘದ ಕಂತು, ಕಿವಿಯ ಓಲೆ ಒಂದೊಂದೇ ಹೋಗುತ್ತವೆ. ಧರ್ಮರಾಯ ಪಗಡೆಯಲ್ಲಿ ಎಲ್ಲ ಸೋತ ಕಥೆ ನಿಮಗೆ ಗೊತ್ತೇ ಇದೆ. ತುಂಬಿದ ಸಭೆಯಲ್ಲಿ ದ್ರೌಪದಿ ಬರೀ ಅಳಲಿಲ್ಲ. ತನ್ನನ್ನೇ ಸೋತವನಿಗೆ ನನ್ನನ್ನು ಪಣ ಇಡುವ ಹಕ್ಕು ಎಲ್ಲಿತ್ತು ಎಂದು ಕೇಳಿದಳು. ಅದು ಕಾನೂನಿನ ಪ್ರಶ್ನೆ. ದೊಡ್ಡವರೆಲ್ಲ ತಲೆ ತಗ್ಗಿಸಿ ಕೂತರು.

ಇವತ್ತಿನ ಕಾನೂನಿನಲ್ಲಿ ಉತ್ತರ ಇದೆ. ತವರಿನವರು, ಗಂಡನ ಮನೆಯವರು ನಿಮಗೆ ಕೊಟ್ಟ ಒಡವೆ ನಿಮ್ಮದು. ಅದಕ್ಕೆ ಸ್ತ್ರೀಧನ ಎಂದು ಹೆಸರು. ಅದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮಾರುವುದನ್ನು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ದೌರ್ಜನ್ಯ ಎನ್ನುತ್ತದೆ. ಇಂಥ ದೂರು ತೆಗೆದುಕೊಳ್ಳಲು ಸಂರಕ್ಷಣಾಧಿಕಾರಿ ಇರುತ್ತಾರೆ. ಎಲ್ಲಿ, ಯಾರು ಅಂತ ಅಂಗನವಾಡಿಯಲ್ಲಿ ವಿಚಾರಿಸಿ.

ಜೂಜಿನಲ್ಲಿ ಗೆದ್ದ ಬಾಕಿ ಕೊಡಿಸಿ ಎಂದು ಯಾರೂ ಕೋರ್ಟಿಗೆ ಹೋಗುವಂತಿಲ್ಲ. 1872ರಿಂದಲೂ ಕಾನೂನು ಹೀಗೆಯೇ ಇದೆ. ಬೇರೆಯವರ ಹತ್ತಿರ ಸಾಲ ತಂದು ಆಡಿದ್ದರೆ ಅದು ಬೇರೆ ಮಾತು. ಆ ಸಾಲದ ಕಾಗದಕ್ಕೆ "ಒಂದು ಸಹಿ ಹಾಕೇ" ಅಂತ ನಿಮ್ಮ ಮುಂದೆ ಹಿಡಿಯುತ್ತಾರಲ್ಲ, ಆಗ ನಿಧಾನ ಮಾಡಿ. ಹಾಕಿದರೆ ನೀವೂ ಹೊಣೆ. ಈಗ ನಿಮಗೆ ಓದು ಬರುತ್ತದೆ. ಅಕ್ಷರ ಕೂಡಿಸಿ, ಪೂರ್ತಿ ಓದಿ. ತಿಳಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರಿಗೆ ಅಲ್ಲಿ ವಕೀಲರ ಫೀಸು ಇಲ್ಲ, ಆದಾಯ ಎಷ್ಟೇ ಇರಲಿ. ಫೋನ್ ನಂಬರ್ 15100.