ಕಳಸವೂ ಬಯಲುಸೀಮೆಯೇ?

ಮೂಡಿಗೆರೆ, ಕಳಸದ ಕಡೆ ಮನೆ ಕಟ್ಟಿದವರಿಗೆ ಗೊತ್ತು. ಧರೆ ಕಡಿದು ನೆಲ ಮಟ್ಟ ಮಾಡೋದ್ರಲ್ಲೇ ದುಡ್ಡು ಕರಗಿರುತ್ತೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಹಿಮಾಚಲದಂಥ ಗುಡ್ಡಗಾಡು ರಾಜ್ಯಗಳಿಗೆ ಮನೆಯೊಂದಕ್ಕೆ 1.30 ಲಕ್ಷ ರೂಪಾಯಿ, ಬಯಲಿಗೆ 1.20 ಲಕ್ಷ. ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ.

ಅದೂ ಕಂತಿನಲ್ಲಿ. ಒಂದು ಹಂತ ಮುಗಿದು ಫೋಟೋ ಹೋದರೆ ಮುಂದಿನ ದುಡ್ಡು. ಕಾಫಿ ಕುಯ್ಲಲ್ಲಿ ಆಳು ಸಿಗಲ್ಲ, ಜೂನಲ್ಲಿ ಮಳೆ ಹಿಡೀತು ಅಂದ್ರೆ ಕೆಲಸವೂ ನಿಂತಿತು, ಕಂತೂ ನಿಂತಿತು. ಕುಯ್ಲು ಮುಗಿದ ಕೂಡಲೇ ಪಾಯ ತೆಗೆಯೋದು ಲೇಸು.

2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿಯಿತು. ಆ ವರ್ಷ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರಕಾರ ಘೋಷಿಸಿದ್ದು 5 ಲಕ್ಷ. ಬಿದ್ದ ಮೇಲೆ 5 ಲಕ್ಷ, ಬೀಳದ ಹಾಗೆ ಕಟ್ಟೋಕೆ 1.20! ಗ್ರಾಮಸಭೆಯಲ್ಲಿ ಫಲಾನುಭವಿ ಪಟ್ಟಿ ಓದುವಾಗ ಇದನ್ನು ಎತ್ತಿ, ನಿರ್ಣಯ ಬರೆಸಿ.