ಮಾತು ಬಾರದಿದ್ದರೇನಂತೆ, ಆಟ ಬರುತ್ತದಲ್ಲ!

"ದೊಡ್ಡಮ್ಮ, ನಾನು ಹೋಗೋಲ್ಲ. ಅಲ್ಲಿ ಎಲ್ಲರೂ ಇಂಗ್ಲಿಷ್‌ನಲ್ಲೇ ಮಾತಾಡ್ತಾರಂತೆ" ಎಂದು ತಂಗಿಯ ಮಗಳು ಕಟ್ಟಿದ ಚೀಲವನ್ನು ಬಿಚ್ಚಲು ಕೂತಳು. 2022ರ ಡಿಸೆಂಬರ್ 21ರಿಂದ 27ರವರೆಗೆ ಮೂಡುಬಿದಿರೆಯ ಆಳ್ವಾಸ್ ಆವರಣದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತಲ್ಲ, ಅದಕ್ಕೆ ಹೊರಟಿದ್ದವಳು. ಕನ್ನಡ ಶಾಲೆಯ ಹುಡುಗಿ. ಹೊರದೇಶದ ಮಕ್ಕಳೆದುರು ಬಾಯಿ ಬಿಟ್ಟರೆ ನಕ್ಕಾರೆಂಬ ಹೆದರಿಕೆ.

ಇಂಗ್ಲಿಷ್ ಹೇಳಿಕೊಡುವಷ್ಟು ನನಗೂ ಬಾರದು. ಆದರೆ ನಾನು ನಂದಗುಡಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯವರದು ತೆಲುಗು, ನನಗೆ ಒಂದಕ್ಷರವೂ ತಿಳಿಯದು. ಆ ಮನೆಯ ಮಗಳು ಅಳಿಗುಳಿಮನೆ ತಂದು ಎದುರಿಗಿಟ್ಟಳು. ಬೀಜ ಎಣಿಸುತ್ತಲೇ ಒಕಟಿ, ರೆಂಡು, ಮೂಡು ಕಲಿತೆ. ಮೂರು ತಿಂಗಳಲ್ಲಿ ಜಗಳವಾಡುವಷ್ಟು ತೆಲುಗು ಬಂತೆನ್ನಿ! ಅದು ನೆನಪಾಗಿ ಹುಡುಗಿಯ ಚೀಲಕ್ಕೆ ಒಂದು ಹಿಡಿ ಹುಣಿಸೆ ಬೀಜ, ಐದು ನುಣುಪಾದ ಕಲ್ಲು ಹಾಕಿ ಬಸ್ಸು ಹತ್ತಿಸಿದೆವು.

ಈ ಆಟಗಳು ನಮ್ಮೊಬ್ಬರವೇ ಅಲ್ಲ. ಅಳಿಗುಳಿಮನೆಗೆ ತುಳುನಾಡಿನಲ್ಲಿ ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಗುಳಿ ಎಂಬ ಹೆಸರು. ಇಂಡೋನೇಷ್ಯಾದ ಚೋಂಕ್ಲಾಕ್, ಆಫ್ರಿಕಾದ ಘಾನಾದ ಓವಾರೆ ಇದರ ಅಕ್ಕತಂಗಿಯರು. ನಮ್ಮ ಐದು ಕಲ್ಲಿನ ಆಟದಂಥದ್ದೇ ಕೊರಿಯಾದಲ್ಲಿ ಗೊಂಗಿ. ಕುಂಟೆಬಿಲ್ಲೆಯಂತೂ ಕೇಳಲೇಬೇಡಿ, ಎಷ್ಟೋ ದೇಶಗಳಲ್ಲಿದೆ. ಹಾಗಾಗಿ ಆಡಿ ತೋರಿಸಿದರೆ ಸಾಕು, ವಿವರಿಸುವ ಗೋಜಿಲ್ಲ.

ಹಾಡೂ ಹಾಗೆಯೇ. ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ (1929–2021) ಜೀವಮಾನವೆಲ್ಲ ಯುವಜನ ಶಿಬಿರಗಳಲ್ಲಿ ಹಾಡು ಕಲಿಸಿದವರು. ಅವರ 'ಭಾರತ್ ಕೀ ಸಂತಾನ್' ಕಾರ್ಯಕ್ರಮದಲ್ಲಿ ಮಕ್ಕಳು ಬೇರೆಬೇರೆ ರಾಜ್ಯಗಳ ಉಡುಪು ತೊಟ್ಟು ಹಲವು ಭಾಷೆಗಳಲ್ಲಿ ಹಾಡುತ್ತಿದ್ದರು.

ನಿಮ್ಮ ಮನೆಗೋ ಊರಿನ ಶಾಲೆಗೋ ಪರಭಾಷೆಯ ಮಕ್ಕಳು ಬಂದರೆ ಮೊದಲಿಗೇ ಪ್ರಶ್ನೋತ್ತರದ ಆಟ ಇಡಬೇಡಿ. ಇಂಗ್ಲಿಷ್ ಬಲ್ಲವರೇ ಗೆಲ್ಲುತ್ತಾರೆ, ಉಳಿದವರು ಗೋಡೆ ಹಿಡಿಯುತ್ತಾರೆ. ಸೋತವರನ್ನು ಹೊರಗೆ ಕೂರಿಸುವ ಆಟವೂ ಬೇಡ. ಮೊದಲು ಹೊರಬೀಳುವುದು ನಾಚಿಕೆಯ ಮಗುವೇ. ಸುತ್ತ ಕೂರಿಸಿ. ಒಬ್ಬೊಬ್ಬರೂ ಹೆಸರು ಹೇಳಿ ಕೈಯಲ್ಲೊಂದು ಅಭಿನಯ ಮಾಡಲಿ, ಮಿಕ್ಕವರು ಅದನ್ನೇ ಮಾಡಲಿ. ಆಮೇಲೆ ಸೌಟು, ಬಾಚಣಿಗೆ, ಬಾಳೆಹಣ್ಣು ಒಂದು ಚೀಲಕ್ಕೆ ಹಾಕಿ. ಕೈಗೆ ಸಿಕ್ಕಿದ್ದನ್ನು ತೆಗೆದು ತಂತಮ್ಮ ಭಾಷೆಯ ಹೆಸರು ಹೇಳಬೇಕು, ಎಲ್ಲರೂ ಅದನ್ನೇ ನುಡಿಯಬೇಕು. ನಮ್ಮ 'ಳ'ಕಾರಕ್ಕೆ ಅವರ ನಾಲಿಗೆ ತಡವರಿಸುತ್ತದೆ, ಅವರ ಮಾತಿಗೆ ನಮ್ಮದು. ಅಲ್ಲಿ ಎಲ್ಲರೂ ಮೇಷ್ಟರೇ, ಎಲ್ಲರೂ ದಡ್ಡರೇ! ಇನ್ನೊಂದು ಮಾತು: ನಾವು 'ಆಗಲಿ' ಎನ್ನುವುದಕ್ಕೆ ತಲೆಯನ್ನು ಅತ್ತಿತ್ತ ಓಲಾಡಿಸುತ್ತೇವಲ್ಲ, ಹೊರದೇಶದವರು ಅದನ್ನು 'ಬೇಡ' ಎಂದುಕೊಳ್ಳಬಹುದು. ಊಟಕ್ಕೆ ಬಡಿಸುವಾಗ ಇದು ನೆನಪಿರಲಿ.

ಹುಡುಗಿ ಮರಳಿ ಬಂದಳು. ಮೊದಲ ದಿನ ಡೇರೆಯ ಮೂಲೆಯಲ್ಲೇ ಕೂತಿದ್ದಳಂತೆ. ಎರಡನೆಯ ದಿನ ನೆಲದ ಮೇಲೆ ಕುಂಟೆಬಿಲ್ಲೆಯ ಮನೆ ಗೀಚಿದಾಗ, ಹೊರದೇಶದ ಹುಡುಗಿಯೊಬ್ಬಳು ಕೇಳದೆಯೇ ಬಂದು ಒಂಟಿಕಾಲಲ್ಲಿ ನಿಂತಳಂತೆ.

ಚೀಲ ಬಿಚ್ಚಿ ನೋಡಿದೆ. ಐದು ಕಲ್ಲು ಇದ್ದವು, ಹುಣಿಸೆ ಬೀಜ ಇರಲಿಲ್ಲ. "ಅವಳಿಗೆ ಕೊಟ್ಟೆ ದೊಡ್ಡಮ್ಮ, ಅವರೂರಲ್ಲಿ ಸಿಗಲ್ವಂತೆ" ಎಂದಳು. ಅಷ್ಟನ್ನು ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ, ನಾನು ಕೇಳಲಿಲ್ಲ.